ಹಳೆಯ ಮೋಟಾರುಸೈಕಲ್ಲಿನ ಜೀರ್ಣೋದ್ಧಾರ

ಜೀರ್ಣವಾದ ದೇವಾಲಯವೊಂದನ್ನು ಉದ್ಧಾರಮಾಡಲು ಹೊರಟವರು ಮೊದಲು ಕಳಸಕ್ಕೆ ಮೆರುಗು ಹಾಕಿಸುವುದಿಲ್ಲ. ತಳಪಾಯ ಕುಸಿದಿದೆಯೇ, ಮಾಳಿಗೆ ಸೋರುತ್ತಿದೆಯೇ, ಯಾವ ಕಂಬ ಭಾರವನ್ನು ಹೊರಲಾರದೆ ವಾಲಿದೆ ಎಂಬುದನ್ನು ನೋಡಿಕೊಂಡು, ಅದಕ್ಕೆ ತಕ್ಕಂತೆ ಕೆಲಸದ ಕ್ರಮವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಮನೆಮಠಗಳ ವಿಷಯದಲ್ಲಿ ನಮಗೆಲ್ಲ ಸಹಜವಾಗಿರುವ ಈ ವಿವೇಕ, ನಿತ್ಯವೂ ಏರಿ ಓಡಾಡುವ ಹಳೆಯ ವಾಹನದ ವಿಷಯಕ್ಕೆ ಬಂದಾಗ ಮಾತ್ರ ಅದೇಕೋ ನಮ್ಮನ್ನು ಬಿಟ್ಟುಹೋಗುತ್ತದೆ. ಕ್ಲಚ್ಚು ಜಾರುತ್ತಿರುವ ಯಂತ್ರಕ್ಕೆ ಹೊಸ ಬಣ್ಣ ಹೊಡೆಸುತ್ತೇವೆ. ಚೈನು ಸವೆದಿರುವ ಗಾಡಿಗೆ ಹೊಳೆಯುವ ಸೈಲೆನ್ಸರು ತರುತ್ತೇವೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಹೇಳಿದ್ದು ಇಂಥದನ್ನು ಕಂಡೇ ಇರಬೇಕು. ಹಳೆಯ ವಾಹನದಲ್ಲಿ ಎಂಜಿನ್ನಿನ ಶಕ್ತಿಯನ್ನು ಗಾಲಿಗೆ ಮುಟ್ಟಿಸುವ ಅಂಗಗಳನ್ನು ಯಾವ ಕ್ರಮದಲ್ಲಿ ದುರಸ್ತಿ ಮಾಡಿಸಬೇಕು, ಎಷ್ಟರಮಟ್ಟಿಗೆ ಉತ್ತಮಪಡಿಸಬಹುದು ಎಂಬುದೇ ಈ ಭಾಷಣದ ವಿಷಯ.

ಬೇರೆ ದೇಶಗಳಲ್ಲಿ ತರುಣರ ಮೋಹವೆಲ್ಲ ಇಬ್ಬರು ಕೂರುವ ವೇಗದ ಕಾರುಗಳ ಮೇಲಿದ್ದರೆ, ನಮ್ಮ ಸೀಮೆಯಲ್ಲಿ ಆ ಮೋಹಕ್ಕೆ ಪಾತ್ರವಾದದ್ದು ಮೈಸೂರಿನಲ್ಲೇ ತಯಾರಾದ ಮೋಟಾರುಸೈಕಲ್ಲು. 1929ರಲ್ಲಿ ಚೆಕೊಸ್ಲೊವಾಕಿಯಾದ ಜಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರುಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡಾಗ, ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಎಂಬ ಹೆಸರು ಹುಟ್ಟಿತು. ಆ ಯಂತ್ರವನ್ನು ಇಲ್ಲಿ ತಯಾರಿಸಲು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಏರ್ಪಟ್ಟಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು. 1973ರಿಂದ ಇಲ್ಲಿಯ ಯಂತ್ರಗಳಿಗೆ ‘ಯೆಜ್ಡಿ’ ಎಂಬ ಹೆಸರು ಬಂದಿತು. 1978ರಲ್ಲಿ ಹೊರಬಂದ ‘ರೋಡ್‌ಕಿಂಗ್’ 250 ಸಿ.ಸಿ. ವರ್ಗದ, 16 ಅಶ್ವಶಕ್ತಿಯ ಯಂತ್ರವಾಗಿದ್ದು, ಪಂದ್ಯಗಳಲ್ಲಿಯೂ ಹಳ್ಳಿಯ ದಾರಿಗಳಲ್ಲಿಯೂ ಸಮನಾಗಿ ಹೆಸರು ಪಡೆಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು.

ಈ ಕಡೆಯ ಮಾತೇ ನಮ್ಮ ಇಂದಿನ ವಿಚಾರಕ್ಕೆಲ್ಲ ಮೂಲ. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಹೊಸ ಮೋಟಾರುಸೈಕಲ್ಲುಗಳ ಮೇಲೆ ಮರಳಿ ಬಂದದ್ದು ನಿಜ. ಆದರೆ ಅವು ನಾಲ್ಕು ಹೊಡೆತದ, ನೀರಿನಿಂದ ತಣಿಸುವ ಬೇರೆಯೇ ಯಂತ್ರಗಳು. ಹಳೆಯದರ ಒಂದು ಗೇರಾಗಲಿ ಒಂದು ದಂಡವಾಗಲಿ ಅವುಗಳಿಂದ ದೊರೆಯುವಂತಿಲ್ಲ. ಆದ್ದರಿಂದ ಮೈಸೂರಿನ ಕಾರ್ಖಾನೆಯಿಂದ ಬಂದ ಪ್ರತಿಯೊಂದು ಎಂಜಿನ್ ಕವಚವೂ ಲೆಕ್ಕದ ವಸ್ತು. ಅವಸರದ ದುರಸ್ತಿಯಲ್ಲಿ ಒಂದು ಕವಚ ಬಿರುಕುಬಿಟ್ಟರೆ ಒಂದು ಯಂತ್ರವೇ ಲೋಕದಿಂದ ಕಡಮೆಯಾದಂತೆ. ಇದನ್ನು ಹವ್ಯಾಸಕ್ಕಾಗಿ ಇಟ್ಟುಕೊಂಡವರಿಗೆ ಕಾಯಲು ಸಮಯವುಂಟು. ನಿತ್ಯದ ಉದ್ಯೋಗಕ್ಕೆ ಇದನ್ನೇ ನೆಚ್ಚಿದವರಿಗೆ ಆ ಅನುಕೂಲವಿಲ್ಲ. ನಮ್ಮ ಮಾತು ಮುಖ್ಯವಾಗಿ ಅವರನ್ನು ಕುರಿತದ್ದು.

ಉದಾಹರಣೆಗಾಗಿ, ಶ್ರೀರಂಗಪಟ್ಟಣದಲ್ಲಿ ಮನೆಯಿದ್ದು ನಾಗಮಂಗಲದ ಶಾಲೆಯೊಂದರಲ್ಲಿ ಪಾಠ ಹೇಳುವ ಉಪಾಧ್ಯಾಯರೊಬ್ಬರನ್ನು ಭಾವಿಸಿಕೊಳ್ಳೋಣ. ತಂದೆಯ ಕಾಲದ ರೋಡ್‌ಕಿಂಗ್ ಅವರ ವಾಹನ. ಹೋಗಿಬರಲು ದಿನಕ್ಕೆ 90 ಕಿಲೋಮೀಟರು, ವರ್ಷಕ್ಕೆ 220 ದಿನ ಎಂದಿಟ್ಟುಕೊಂಡರೆ ವರ್ಷದ ಓಟ 19,800 ಕಿಲೋಮೀಟರಾಗುತ್ತದೆ. ಭಾನುವಾರ ಕೃಷ್ಣರಾಜಪೇಟೆಯ ಬಂಧುಗಳ ಮನೆಗೆ ಚಿನಕುರಳಿಯ ಮಾರ್ಗವಾಗಿ ಹೋಗಿಬರುವುದು ಬೇರೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಮೋಟಾರುಸೈಕಲ್ಲುಗಳಿಗೆ ಪ್ರವೇಶವನ್ನು ನಿಷೇಧಿಸಿರುವುದರಿಂದ, ಆ ಕಡೆಗೆ ಹೋಗಬೇಕಾದರೂ ಅವರಿಗೆ ಪಕ್ಕದ ರಸ್ತೆಯೇ ಗತಿ. ಹೀಗಾಗಿ ಅವರ ಯಂತ್ರ ದುಡಿಯುವುದು ನೆಟ್ಟನೆಯ ವೇಗದ ದಾರಿಯಲ್ಲಲ್ಲ. ನಿಂತು, ತಿರುಗಿ, ಮತ್ತೆ ಹೊರಡುವ ದಾರಿಯಲ್ಲಿ.

ಈ ದಾರಿಯ ಗುಣವನ್ನು ಸ್ವಲ್ಪ ನೋಡಬೇಕು. ಏಕೆಂದರೆ ಯಂತ್ರದ ಯಾವ ಅಂಗ ಮೊದಲು ಸವೆಯುತ್ತದೆಂಬುದನ್ನು ನಿರ್ಣಯಿಸುವುದು ಅದೇ. ಪಾಂಡವಪುರದ ಸುತ್ತ ವಿಶ್ವೇಶ್ವರಯ್ಯ ನಾಲೆಯ ಬಯಲು. ಕಬ್ಬು ಕಡಿಯುವ ಕಾಲದಲ್ಲಿ ಗಾಡಿಗಳೂ ಟ್ರಾಕ್ಟರುಗಳೂ ರಸ್ತೆಯನ್ನು ತುಂಬಿಕೊಂಡು ಮೆಲ್ಲಗೆ ಸಾಗುತ್ತವೆ. ಅವುಗಳ ಹಿಂದೆ ಕ್ಲಚ್ಚನ್ನು ಅರ್ಧ ಹಿಡಿದುಕೊಂಡು ತೆವಳುವುದು ಕ್ಲಚ್ಚಿಗೆ ಬಲವಾದ ಶಿಕ್ಷೆ. ಅಲ್ಲಿಂದ ಉತ್ತರಕ್ಕೆ ಜಕ್ಕನಹಳ್ಳಿಯಲ್ಲಿ ತಿರುಗಿ ಮೇಲುಕೋಟೆಗೆ ಏರಬೇಕಾದ ದಿನ ಗೇರುಗಳ ಪರೀಕ್ಷೆಯಾಗುತ್ತದೆ. ನಾಗಮಂಗಲದ ಕಡೆಯದು ಮಳೆಯನ್ನು ನೆಚ್ಚಿದ ಬೆದ್ದಲು ಭೂಮಿ. ಸುಗ್ಗಿಯಲ್ಲಿ ರಾಗಿಯ ತೆನೆಯನ್ನೂ ಹುರುಳಿಯ ಗಿಡವನ್ನೂ ರಸ್ತೆಯ ಮೇಲೆಯೇ ಹರಡಿ, ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವುದುಂಟು. ಹುರುಳಿಯ ಸೊಪ್ಪು ತಿರುಗುವ ಅಂಗಗಳಿಗೆ ಹಗ್ಗದಂತೆ ಸುತ್ತಿಕೊಂಡು, ಕಾರುಗಳ ಅಡಿಯಲ್ಲಿ ಬೆಂಕಿ ಹತ್ತಿದ ಪ್ರಸಂಗಗಳೂ ನಮ್ಮ ರಾಜ್ಯದಲ್ಲಿ ನಡೆದಿವೆ. ಚೈನು ತೆರೆದಿರುವ ಮೋಟಾರುಸೈಕಲ್ಲಿಗೆ ಅದು ಇನ್ನಷ್ಟು ಅಪಾಯ.

ಇನ್ನು ಶಕ್ತಿ ಸಾಗುವ ದಾರಿ. ಎಂಜಿನ್ನಿನ ಕ್ರ್ಯಾಂಕುದಂಡದಿಂದ ಒಂದು ಚಿಕ್ಕ ಚೈನು ಕ್ಲಚ್ಚನ್ನು ತಿರುಗಿಸುತ್ತದೆ. ಇದಕ್ಕೆ ಪ್ರಾಥಮಿಕ ಚೈನೆಂದು ಹೆಸರು. ಕ್ಲಚ್ಚೆಂಬುದು ಒತ್ತೊತ್ತಾಗಿ ಜೋಡಿಸಿದ ತಟ್ಟೆಗಳ ಸರ. ಸ್ಪ್ರಿಂಗುಗಳು ಅದುಮಿದಾಗ ಹಿಡಿಯುತ್ತದೆ, ಸಡಿಲಿಸಿದಾಗ ಬಿಡುತ್ತದೆ. ಅಲ್ಲಿಂದ ಶಕ್ತಿಯು ನಾಲ್ಕು ಗೇರುಗಳ ಪೆಟ್ಟಿಗೆಗೂ, ಅಲ್ಲಿಂದ ಹಲ್ಲುಚಕ್ರ ಮತ್ತು ದೊಡ್ಡ ಚೈನಿನ ಮೂಲಕ ಹಿಂದಿನ ಗಾಲಿಗೂ ಹೋಗುತ್ತದೆ. ಹಿಂದಿನ ಹಲ್ಲುಚಕ್ರಕ್ಕೂ ಗಾಲಿಯ ಗುಂಬಕ್ಕೂ ನಡುವೆ ರಬ್ಬರಿನ ತುಂಡುಗಳಿದ್ದು, ಎಂಜಿನ್ನಿನ ಹೊಡೆತದ ಒರಟನ್ನು ನುಂಗಿಕೊಳ್ಳುತ್ತವೆ. ಜಾವಾ ಮನೆತನದ ಒಂದು ವಿಶೇಷವನ್ನೂ ಇಲ್ಲಿ ನೆನೆಯಬೇಕು: ಕಾಲಿನಿಂದ ಗೇರು ಬದಲಿಸುವ ಹಿಡಿಯೇ ಒಳಗೆ ಕ್ಲಚ್ಚನ್ನೂ ಬಿಡಿಸುತ್ತದೆ, ಅದೇ ಹಿಡಿಯನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಎಂಜಿನ್ನನ್ನು ಒದ್ದು ಎಬ್ಬಿಸುವ ಕಿಕ್ಕರು ಆಗುತ್ತದೆ. ಕ್ಲಚ್ಚಿನ ಹೊಂದಿಕೆ ಕೆಟ್ಟರೆ ಗೇರಿನ ನಡತೆಯೂ ಕೆಡುವುದಕ್ಕೆ ಇದೊಂದು ಕಾರಣ.

ಈ ಅಂಗಗಳನ್ನು ಅವು ಇರುವ ಆಳಕ್ಕೆ ತಕ್ಕಂತೆ ಮೂರಾಗಿ ವಿಂಗಡಿಸಿಕೊಂಡರೆ ಯೋಜನೆ ಸುಲಭವಾಗುತ್ತದೆ. ಹೊರಪ್ರಾಕಾರದಲ್ಲಿರುವುವು ದೊಡ್ಡ ಚೈನು, ಹಲ್ಲುಚಕ್ರಗಳು, ಗಾಲಿಯ ರಬ್ಬರುಗಳು, ಗಾಲಿಯ ಬೇರಿಂಗುಗಳು ಮತ್ತು ಕ್ಲಚ್ಚಿನ ತಂತಿ. ಒಂದು ಮುಚ್ಚಳವನ್ನು ತೆಗೆದು ಎಣ್ಣೆಯನ್ನು ಬಸಿದರೆ ನವರಂಗ. ಅಲ್ಲಿ ಕ್ಲಚ್ಚಿನ ತಟ್ಟೆಗಳು, ಪ್ರಾಥಮಿಕ ಚೈನು, ಆ ಬದಿಯ ಕ್ರ್ಯಾಂಕಿನ ಆಯಿಲ್ ಸೀಲು. ಎಂಜಿನ್ನನ್ನು ಚೌಕಟ್ಟಿನಿಂದ ಇಳಿಸಿ ಕವಚವನ್ನು ಎರಡು ಹೋಳಾಗಿ ಬಿಡಿಸಿದರೆ ಗರ್ಭಗುಡಿ. ಅಲ್ಲಿ ಗೇರುಗಳು, ಅವುಗಳನ್ನು ಸರಿಸುವ ಕವೆಗೋಲುಗಳು, ಕ್ರ್ಯಾಂಕುದಂಡ ಮತ್ತು ಅದರ ಬೇರಿಂಗುಗಳು. ಈ ಯಂತ್ರದಲ್ಲಿ ಕ್ರ್ಯಾಂಕಿಗೂ ಗೇರುಗಳಿಗೂ ಒಂದೇ ಕವಚವಾದ್ದರಿಂದ ಒಂದನ್ನು ಮುಟ್ಟಲು ಹೋದರೆ ಎರಡೂ ತೆರೆದುಕೊಳ್ಳುತ್ತವೆ. ಹೊರಗಿನ ಕೆಲಸಕ್ಕೆ ಒಂದು ಬೆಳಗು ಸಾಕು. ನವರಂಗಕ್ಕೆ ಒಂದೆರಡು ದಿನ. ಗರ್ಭಗುಡಿಗೆ ವಾರಗಳೇ ಬೇಕಾಗಬಹುದು, ಏಕೆಂದರೆ ತೆರೆದ ಮೇಲೆ ಕಂಡುಬಂದ ಕೊರತೆಗೆ ತಕ್ಕ ಬಿಡಿಭಾಗವನ್ನು ಹುಡುಕಬೇಕು.

ಇದರಿಂದ ಮೊದಲನೆಯ ನಿಯಮ ಹೊರಡುತ್ತದೆ: ತೆರೆದ ಆಳದಲ್ಲಿರುವ ಕೆಲಸಗಳನ್ನೆಲ್ಲ ಒಂದೇ ಸಲ ಮುಗಿಸತಕ್ಕದ್ದು. ಎರಡನೆಯ ಗೇರಿಗಾಗಿ ಕವಚವನ್ನು ಬಿಡಿಸಿ, ಹಳೆಯ ಸೀಲುಗಳನ್ನೇ ಬಿಟ್ಟು ಮುಚ್ಚಿ, ಮೂರು ತಿಂಗಳಾದ ಮೇಲೆ ಸೀಲಿಗಾಗಿ ಮತ್ತೆ ಬಿಚ್ಚುವವನು ಕೂಲಿಯನ್ನು ಎರಡು ಸಲ ತೆರುವುದಲ್ಲದೆ, ಕವಚದ ತಿರುಪು ಗುಳಿಗಳನ್ನೂ ಕೂಡುವ ಅಂಚುಗಳನ್ನೂ ಎರಡು ಸಲ ನೋಯಿಸುತ್ತಾನೆ. ಅಲ್ಯೂಮಿನಿಯಮ್ಮಿನ ಕವಚಕ್ಕೆ ಅಂಥ ಕ್ಷಮಾಗುಣ ಹೆಚ್ಚಿಲ್ಲ.

ಎರಡನೆಯ ನಿಯಮ, ಬಿಚ್ಚುವ ಮೊದಲು ರೋಗವನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಎಂಜಿನ್ನಿನ ಸದ್ದು ಏರುತ್ತ ಹೋದರೂ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಮೇಲುಕೋಟೆಯ ಏರಿನಲ್ಲಿ ಮೂರನೆಯ ಗೇರಿನಲ್ಲಿಟ್ಟು ಕಿವಿಗೊಟ್ಟರೆ ಇದು ತಿಳಿದುಬರುತ್ತದೆ. ಆದರೆ ತಟ್ಟೆಗಳನ್ನು ಕೊಳ್ಳಲು ಓಡುವ ಮೊದಲು ತಂತಿಯಲ್ಲಿ ಕೊಂಚ ಸಡಿಲವಿದೆಯೇ ಎಂದು ನೋಡಬೇಕು; ಬಿಗಿದ ತಂತಿಯೂ ಕ್ಲಚ್ಚನ್ನು ಜಾರಿಸುತ್ತದೆ, ಅದಕ್ಕೆ ಖರ್ಚಿಲ್ಲ. ನಿಂತಾಗ ಕ್ಲಚ್ಚು ಹಿಡಿದಿದ್ದರೂ ಗಾಡಿ ಮುಂದಕ್ಕೆ ತೆವಳುತ್ತಿದ್ದರೆ, ನ್ಯೂಟ್ರಲ್ ಸಿಕ್ಕದಿದ್ದರೆ, ತಟ್ಟೆಗಳು ಸೊಟ್ಟಗಾಗಿರಬಹುದು. ಕೈ ಬಿಟ್ಟು ಹಿಡಿದಾಗಲೆಲ್ಲ ಹಿಂದಿನಿಂದ ‘ಠಕ್’ ಎಂಬ ಪೆಟ್ಟು ಕೇಳಿಸಿದರೆ ಗಾಲಿಯ ರಬ್ಬರನ್ನೂ ಚೈನಿನ ಸಡಿಲವನ್ನೂ ಪರೀಕ್ಷಿಸಬೇಕು. ಹಾಕಿದ ಗೇರು ಭಾರ ಬಿದ್ದೊಡನೆ ತಾನಾಗಿ ಹೊರಕ್ಕೆ ಹಾರಿದರೆ, ಗೇರಿನ ಹಿಡಿಹಲ್ಲುಗಳು ದುಂಡಗಾಗಿವೆ ಅಥವಾ ಕವೆಗೋಲು ಬಾಗಿದೆ. ಇದು ಗರ್ಭಗುಡಿಯ ರೋಗ. ಬಸಿದ ಎಣ್ಣೆಯಲ್ಲಿ ಬೂದುಬಣ್ಣದ ನುಣ್ಣನೆಯ ಕೆಸರಿದ್ದರೆ ಅದು ವಯಸ್ಸಿನ ಸಹಜ ಲಕ್ಷಣ. ಹೊಳೆಯುವ ಚೂರುಗಳಿದ್ದರೆ ಮಾತ್ರ ಕಾಯಕೂಡದು.

ಎಲ್ಲಕ್ಕಿಂತ ಮೋಸಮಾಡುವುದು ಕ್ರ್ಯಾಂಕಿನ ಸೀಲು. ಎರಡು ಹೊಡೆತದ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಮೊದಲು ಕ್ರ್ಯಾಂಕಿನ ಕೋಣೆಯೊಳಕ್ಕೆ ಬಂದು, ಅಲ್ಲಿ ಒತ್ತಲ್ಪಟ್ಟು, ಆಮೇಲೆ ಮೇಲಕ್ಕೇರುತ್ತದೆ. ಆದ್ದರಿಂದ ಆ ಕೋಣೆ ಗಾಳಿಯಾಡದಂತೆ ಭದ್ರವಾಗಿರಬೇಕು. ಕ್ಲಚ್ಚಿನ ಬದಿಯ ಸೀಲು ಗಡುಸಾಗಿ ಸೀಳಿದರೆ ಕ್ಲಚ್ಚಿನ ಎಣ್ಣೆ ಒಳಕ್ಕೆ ಸೇರಿ ಸುಡುತ್ತದೆ: ಬಿಳಿಯ ಹೊಗೆ ದಟ್ಟವಾಗಿ ಹೊರಡುತ್ತದೆ, ನೆಲದ ಮೇಲೆ ಒಂದು ಹನಿಯೂ ಇಲ್ಲದೆ ಗೇರಿನ ಎಣ್ಣೆ ತಗ್ಗುತ್ತದೆ. ಈ ಯಂತ್ರದಲ್ಲಿ ಗೇರುಪೆಟ್ಟಿಗೆಗೂ ಕ್ಲಚ್ಚಿಗೂ ಒಂದೇ ಎಣ್ಣೆಯಾದ್ದರಿಂದ, ಅರಿಯದೆ ಓಡಿಸಿದರೆ ಗೇರುಗಳೇ ಒಣಗಿ ಹಾಳಾದಾವು. ಇನ್ನೊಂದು ಬದಿಯ ಸೀಲು ಹೋದರೆ ಹೊಗೆಯಿಲ್ಲ, ಸುಳಿವಿಲ್ಲ. ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗಿ, ಎಂಜಿನ್ನು ಕಾದು, ಪಿಸ್ಟನ್ನು ಹಠಾತ್ತಾಗಿ ಕಚ್ಚಿಕೊಳ್ಳಬಹುದು. ಓಡುವ ಗಾಡಿಯ ಹಿಂದಿನ ಗಾಲಿ ಆಗ ಬಿಗಿಯುತ್ತದೆ. ಸೀಲು ಅಗ್ಗದ ವಸ್ತು. ಅದರಿಂದಾಗುವ ಹಾನಿ ಅಗ್ಗದ್ದಲ್ಲ.

ಚೈನನ್ನಾದರೋ ಊಹೆಯಿಂದಲ್ಲ, ಅಳತೆಯಿಂದಲೇ ತಿಳಿಯಬಹುದು. ಚೈನು ‘ಹಿಗ್ಗಿತು’ ಎನ್ನುವುದು ವಾಡಿಕೆ. ವಾಸ್ತವದಲ್ಲಿ ಹಿಗ್ಗುವುದು ಲೋಹವಲ್ಲ. ಕೊಂಡಿಗಳೊಳಗಿನ ಗೂಟಗಳೂ ಕೊಳವೆಗಳೂ ಸವೆದು, ಪ್ರತಿಯೊಂದು ಕೊಂಡಿಯ ಅತ್ಯಲ್ಪ ಸಡಿಲವೂ ಕೂಡಿ ಉದ್ದವಾಗಿ ಕಾಣುತ್ತದೆ. ಈ ಚೈನಿನ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಅರ್ಧ ಅಂಗುಲ. 24 ಕೊಂಡಿಗಳನ್ನು ಬಿಗಿಯಾಗಿ ಎಳೆದು, ಗೂಟದ ನಡುವಿನಿಂದ ಗೂಟದ ನಡುವಿಗೆ ಅಳೆದರೆ ಹೊಸ ಚೈನು 12 ಅಂಗುಲ, ಅಂದರೆ 304.8 ಮಿಲಿಮೀಟರು ಇರಬೇಕು. 308 ಆಗಿದ್ದರೆ ನೂರಕ್ಕೆ ಒಂದು ಪಾಲು ಸವೆದಿದೆ, ಹೊಸದಕ್ಕೆ ಹಣ ತೆಗೆದಿಡಬೇಕು. 311 ಆಗಿದ್ದರೆ ಎರಡು ಪಾಲು ಸವೆದಿದೆ, ಬದಲಿಸದೆ ವಿಧಿಯಿಲ್ಲ. ಬದಲಿಸುವಾಗ ಚೈನನ್ನೂ ಎರಡು ಹಲ್ಲುಚಕ್ರಗಳನ್ನೂ ಒಟ್ಟಿಗೆ ನೋಡಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನನ್ನು ಹಾಕುವುದು ಹಳೆಯ ಬೀಗಕ್ಕೆ ಹೊಸ ಬೀಗದಕೈ ಮಾಡಿಸಿದಂತೆ. ಒಂದು ಮತ್ತೊಂದನ್ನು ತಿನ್ನುತ್ತದೆ. ಹಲ್ಲುಗಳು ಕಡಮೆಯಿರುವ ಮುಂದಿನ ಚಕ್ರವೇ ಬೇಗ ಸವೆಯುವುದು ಎಂಬುದೂ ನೆನಪಿರಲಿ.

ಈ ಮೋಟಾರುಸೈಕಲ್ಲಿನ ಚೈನು ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ. ನಾಲೆಯ ಬದಿಯ ಕೆಸರಿನಿಂದಲೂ ಒಕ್ಕಣೆಯ ಹುಲ್ಲಿನಿಂದಲೂ ಕಾಪಾಡುವ ಆ ಏರ್ಪಾಡು ಬಹು ಉತ್ತಮವಾದದ್ದು; ಅಂದಕ್ಕಾಗಿ ಪೆಟ್ಟಿಗೆಯನ್ನು ಕಿತ್ತೊಗೆಯುವವರು ತಮಗೇ ಕೇಡನ್ನು ತಂದುಕೊಳ್ಳುತ್ತಾರೆ. ಆದರೆ ಮುಚ್ಚಿದ್ದು ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ್ದು ನೆನಪಿಗೆ ಬಾರದು. ಇದರ ಬೆಲೆಯನ್ನು ನಾವೇ ಒಮ್ಮೆ ತೆತ್ತಿದ್ದೇವೆ. ಚೈನಿನ ಕೂಡುಕೊಂಡಿಗೆ ಹಾಕುವ ಪುಟ್ಟ ಕವೆಯ ಮುಚ್ಚಿದ ತುದಿಯು ಚೈನು ಓಡುವ ದಿಕ್ಕಿಗೆ ಇರಬೇಕು. ಅವಸರದಲ್ಲಿ ನಾವು ಅದನ್ನು ಹಿಂದುಮುಂದಾಗಿ ಹಾಕಿ, ಪೆಟ್ಟಿಗೆಯನ್ನು ಮುಚ್ಚಿ, ಅದೇ ವಾರ ಬಣ್ಣಕ್ಕೂ ಸೈಲೆನ್ಸರಿಗೂ ಧಾರಾಳವಾಗಿ ಖರ್ಚುಮಾಡಿದೆವು. ಪಾಂಡವಪುರವನ್ನು ದಾಟಿದ ಮೇಲೆ ಒಂದು ಸಂಜೆ ಕವೆ ಕಳಚಿ, ಚೈನು ಪೆಟ್ಟಿಗೆಯೊಳಗೆ ಮುದ್ದೆಯಾಗಿ ಸಿಕ್ಕಿಕೊಂಡು, ಹಿಂದಿನ ಗಾಲಿ ಬಿಗಿಯಿತು. ಮುಂದೆ ಕಬ್ಬಿನ ಗಾಡಿ. ಹಿಂದಿನ ಸೀಟಿನಲ್ಲಿ ನಮ್ಮ ಮಗಳು. ವೇಗ ಕಡಮೆಯಿದ್ದುದರಿಂದ ಮೊಣಕಾಲು ತರಚಿದ್ದಕ್ಕೆ ಮುಗಿಯಿತು. ಗಾಡಿಯವನು ಇಳಿದು ಬಂದು, ಮಗುವನ್ನು ಎತ್ತಿ ಕೂರಿಸಿ, ಹೊಳೆಯುವ ಸೈಲೆನ್ಸರನ್ನು ನೋಡಿ, ‘ಗಾಡಿ ಹೊಸದಾ ಸ್ವಾಮಿ?’ ಎಂದು ಕೇಳಿದನು. ನಾವು ಉತ್ತರ ಕೊಡಲಿಲ್ಲ.

ಆದ್ದರಿಂದ ಮೂರನೆಯ ನಿಯಮ: ಮೊದಲು ಪ್ರಾಣಕ್ಕೆ ಸಂಬಂಧಿಸಿದ್ದು, ಆಮೇಲೆ ದಾರಿಯಲ್ಲಿ ನಿಲ್ಲಿಸುವಂಥದ್ದು, ಆಮೇಲೆ ನಿಧಾನವಾಗಿ ಕೆಡುವಂಥದ್ದು, ಎಲ್ಲಕ್ಕೂ ಕಡೆಗೆ ಸೊಗಸು. ನಮ್ಮ ಉಪಾಧ್ಯಾಯರು ಈ ಕ್ರಮವನ್ನು ಪಂಚಾಂಗದೊಡನೆ ಹೊಂದಿಸಿಕೊಳ್ಳಬೇಕು. ಚೈನು, ಬ್ರೇಕು, ತಂತಿ, ರಬ್ಬರುಗಳ ಕೆಲಸವನ್ನು ಈ ಭಾನುವಾರವೇ ಮಾಡಬಹುದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಗ್ಗಿಗೆ ಮುಂಚೆ ಒಮ್ಮೆ ಪೆಟ್ಟಿಗೆಯನ್ನು ತೆರೆದು ನೋಡುವುದು ಕಡ್ಡಾಯ. ಕ್ಲಚ್ಚು, ಪ್ರಾಥಮಿಕ ಚೈನು, ಆ ಬದಿಯ ಸೀಲು, ಇವು ದಸರೆಯ ರಜಕ್ಕೆ ತಕ್ಕವು. ಕವಚವನ್ನು ಬಿಡಿಸುವ ದೊಡ್ಡ ಕೆಲಸವನ್ನು ಬೇಸಗೆಯ ರಜಕ್ಕೆ ಮೀಸಲಿಟ್ಟು, ಬೇಕಾದ ಬೇರಿಂಗು, ಸೀಲು, ಗ್ಯಾಸ್ಕೆಟ್ಟುಗಳನ್ನು ಅದಕ್ಕೂ ಮೊದಲೇ ಮನೆಯಲ್ಲಿ ಕೂಡಿಸಿಟ್ಟುಕೊಳ್ಳಬೇಕು. ವಸ್ತು ಕೈಗೆ ಬರುವ ಮೊದಲು ಎಂಜಿನ್ನನ್ನು ಇಳಿಸಿದವನು ಜೂನಿನಲ್ಲಿ ಬಸ್ಸಿಗಾಗಿ ಕಾಯುತ್ತಿರುತ್ತಾನೆ. ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರು ಓಡುವ ಯಂತ್ರಕ್ಕೆ ಗೇರಿನ ಎಣ್ಣೆಯನ್ನು ನಾಲ್ಕು ಸಾವಿರಕ್ಕೊಮ್ಮೆ ಬದಲಿಸಿದರೂ ವರ್ಷಕ್ಕೆ ಐದು ಸಲವಾಗುತ್ತದೆಂಬ ಲೆಕ್ಕವೂ ಅವರ ಪುಸ್ತಕದಲ್ಲಿರಬೇಕು.

ಬಿಡಿಭಾಗಗಳನ್ನು ಕೊಳ್ಳುವಲ್ಲಿ ಒಂದು ವಿವೇಕವುಂಟು. ಕಾರ್ಖಾನೆಯ ಕಾಲದ ಉಳಿಕೆ, ಹೊಸದಾಗಿ ತಯಾರಾದ ಅನುಕರಣ, ಬೇರೊಂದು ಗಾಡಿಯಿಂದ ಬಿಚ್ಚಿದ್ದು ಎಂದು ಇವು ಮೂರು ಬಗೆ. ಗೇರು, ದಂಡ ಮೊದಲಾದ ಉಕ್ಕಿನ ವಸ್ತುಗಳಲ್ಲಿ ಕಾರ್ಖಾನೆಯ ಹಳೆಯ ಸರಕು ಉತ್ತಮ. ರಬ್ಬರಿನಲ್ಲಿ ಇದು ತಿರುಗುಮುರುಗು: ಪೊಟ್ಟಣವನ್ನೇ ಒಡೆಯದ ಸೀಲಾದರೂ ಮೂವತ್ತು ವರ್ಷ ಕುಳಿತು ಗಡುಸಾಗಿರುತ್ತದೆ, ಆದಕಾರಣ ಅದು ಹೊಸದೇ ಆಗಬೇಕು. ಬೇರಿಂಗುಗಳ ಮೇಲೆ ಅಳತೆಯ ಸಂಖ್ಯೆ ಕೆತ್ತಿರುತ್ತದೆ. ಆ ಸಂಖ್ಯೆಯನ್ನು ಹೇಳಿ ಬೇರಿಂಗಿನ ಅಂಗಡಿಯಲ್ಲಿ ಒಳ್ಳೆಯ ತಯಾರಿಕೆಯದನ್ನು ಕೊಳ್ಳಬಹುದು.

ಕಾನೂನಿನ ಒಂದು ಮಾತು. ಎಂಜಿನ್ನಿನ ಸಂಖ್ಯೆಯು ಕವಚದ ಮೇಲೆ ಅಚ್ಚಾಗಿರುತ್ತದೆ, ಅದೇ ನೋಂದಣಿ ಪತ್ರದಲ್ಲಿಯೂ ಇರುತ್ತದೆ. ಒಡೆದ ಕವಚಕ್ಕೆ ಬದಲಾಗಿ ಬೇರೊಂದು ಯಂತ್ರದ ಕವಚವನ್ನು ಹಾಕಿದರೆ ಎರಡಕ್ಕೂ ತಾಳೆಯಾಗದು. ಎಂಜಿನ್ನನ್ನು ಬದಲಿಸುವುದಕ್ಕೆ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ ನೋಂದಣಿ ಅಧಿಕಾರಿಗಳ ಮಂಜೂರಾತಿ ಬೇಕು. ಹದಿನೈದು ವರ್ಷ ಕಳೆದ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಾಗಿರುವುದರಿಂದ, ಈ ವ್ಯತ್ಯಾಸ ಎಂದಾದರೊಂದು ದಿನ ಹೊರಬಿದ್ದೇ ತೀರುತ್ತದೆ. ಬಿರುಕನ್ನು ಬೆಸೆಯಿಸಿ ಹಳೆಯ ಕವಚವನ್ನೇ ಉಳಿಸಿಕೊಳ್ಳುವುದು ಸಾಧ್ಯವಾದರೆ ಅದೇ ಮೇಲು.

ಇಷ್ಟಾದ ಮೇಲೆ ಉತ್ತಮಪಡಿಸುವ ಮಾತನ್ನಾಡಬಹುದು. ಇದರಲ್ಲಿ ಹೆಚ್ಚು ಫಲ ಕೊಡುವುದು ಹಲ್ಲುಚಕ್ರದ ಲೆಕ್ಕ. ಮುಂದಿನದಕ್ಕೆ 18, ಹಿಂದಿನದಕ್ಕೆ 45 ಹಲ್ಲುಗಳೆಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ಮುಂದಿನದು ಎರಡೂವರೆ ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು. ಮುಂದೆ 17 ಹಲ್ಲಿನದನ್ನು ಹಾಕಿದರೆ ಈ ಪ್ರಮಾಣ 2.65 ಆಗುತ್ತದೆ: ಏರಿನಲ್ಲಿಯೂ ಕಬ್ಬಿನ ಗಾಡಿಯ ಹಿಂದೆಯೂ ಎಳೆತ ಸುಮಾರು ನೂರಕ್ಕೆ ಆರರಷ್ಟು ಹೆಚ್ಚಿ, ಕ್ಲಚ್ಚಿಗೆ ಅಷ್ಟು ಬಿಡುವು ದೊರೆಯುತ್ತದೆ, ಆದರೆ ಬಯಲಿನಲ್ಲಿ ಅದೇ ವೇಗಕ್ಕೆ ಎಂಜಿನ್ನು ಅಷ್ಟೇ ಹೆಚ್ಚು ಸುತ್ತಬೇಕು. 19 ಹಲ್ಲಿನದನ್ನು ಹಾಕಿದರೆ 2.37, ಬಯಲಿನಲ್ಲಿ ನೆಮ್ಮದಿ, ಏರಿನಲ್ಲಿ ತೊಡಕು. ಕೃಷ್ಣರಾಜಪೇಟೆಯ ಬಯಲಿನಲ್ಲಿ ಹೆಚ್ಚಾಗಿ ಓಡಾಡುವವರಿಗೆ ಒಂದು, ಮೇಲುಕೋಟೆಯನ್ನು ನಿತ್ಯ ಹತ್ತುವವರಿಗೆ ಇನ್ನೊಂದು. ಒಂದೇ ಹಲ್ಲಿನ ವ್ಯತ್ಯಾಸವನ್ನು ಒಂದು ತಿಂಗಳು ಪರೀಕ್ಷಿಸಿ ನೋಡಿ ನಿರ್ಣಯಿಸಬೇಕು. ಒಗ್ಗದಿದ್ದರೆ ಹಳೆಯದನ್ನು ಮತ್ತೆ ಹಾಕಿಕೊಳ್ಳಲು ಅಡ್ಡಿಯಿಲ್ಲ. ಹಿಂದಕ್ಕೆ ತಿರುಗಿಸಬಹುದಾದ ಸುಧಾರಣೆಯೇ ಹಳೆಯ ಯಂತ್ರಕ್ಕೆ ಸಲ್ಲುವ ಸುಧಾರಣೆ.

ಎಣ್ಣೆಯ ಆಯ್ಕೆಯೂ ಒಂದು ಸುಧಾರಣೆಯೇ. ಕಾರುಗಳಿಗಾಗಿ ಜಾರುಗುಣವನ್ನು ಹೆಚ್ಚಿಸಿದ ಎಣ್ಣೆ, ಎಣ್ಣೆಯಲ್ಲೇ ಮುಳುಗಿ ದುಡಿಯುವ ಕ್ಲಚ್ಚನ್ನು ಜಾರಿಸಬಹುದು. ಇಂಥ ಕ್ಲಚ್ಚಿಗೆ ತಕ್ಕದ್ದೆಂದು ಗುರುತಿಸಲು ಜಪಾನಿನವರು 1998ರಲ್ಲಿ ‘ಜಾಸೊ ಎಂ.ಎ.’ ಎಂಬ ದರ್ಜೆಯನ್ನು ಏರ್ಪಡಿಸಿದರು. ಡಬ್ಬಿಯ ಮೇಲೆ ಆ ಗುರುತನ್ನು ನೋಡಿ ಕೊಳ್ಳಬಹುದು. ರಬ್ಬರಿನ ಉಂಗುರಗಳುಳ್ಳ ಹೊಸ ಬಗೆಯ ಚೈನು ಬಾಳಿಕೆಯದಾದರೂ ಅಗಲ ಹೆಚ್ಚು. ಪೆಟ್ಟಿಗೆಗೆ ತಗಲುವುದೇ ಎಂದು ಅಳೆಯದೆ ತರಕೂಡದು. ಸೈಲೆನ್ಸರಿನ ಒಳಕೊಳವೆಯನ್ನು ಕಿತ್ತರೆ ಶಕ್ತಿ ಹೆಚ್ಚುವುದೆಂಬ ನಂಬಿಕೆ ಬಲವಾಗಿದೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಗೆಯ ಕೊಳವೆಯೂ ಉಸಿರಾಟದ ಒಂದು ಅಂಗವಾದ್ದರಿಂದ, ಹಾಗೆ ಮಾಡಿದರೆ ಸದ್ದು ಹೆಚ್ಚಿ ಕೆಳವೇಗದ ಎಳೆತ ತಗ್ಗುವುದೇ ಹೆಚ್ಚು.

ಇಷ್ಟಕ್ಕೂ ಹಿಂದೆ ಒಂದೇ ತತ್ತ್ವವುಂಟು. ಶಕ್ತಿ ಸಾಗುವ ದಾರಿ ಒಂದು ಸರಪಳಿ. ಅದರ ಒಂದು ಕೊಂಡಿಯನ್ನು ಬಲಪಡಿಸಿದರೆ ಭಾರವು ಮಾಯವಾಗುವುದಿಲ್ಲ, ಪಕ್ಕದ ಕೊಂಡಿಗೆ ಹೋಗುತ್ತದೆ. ಗಡುಸಾದ ಸ್ಪ್ರಿಂಗನ್ನು ಹಾಕಿ ಕ್ಲಚ್ಚು ಜಾರದಂತೆ ಮಾಡಿದರೆ, ಅದುವರೆಗೆ ಜಾರಿ ತಪ್ಪಿಸಿಕೊಳ್ಳುತ್ತಿದ್ದ ಪೆಟ್ಟೆಲ್ಲ ಸವೆದ ಗೇರಿನ ಹಲ್ಲಿನ ಮೇಲೆ ಬೀಳುತ್ತದೆ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದರೆ ಅದೇ ಹಳೆಯ ಬ್ರೇಕು ಆ ವೇಗವನ್ನು ತಡೆಯಬೇಕು. ಸುಧಾರಣೆಯ ಆಸೆ ಬಂದಾಗಲೆಲ್ಲ ‘ಇದರಿಂದ ಮುಂದಿನ ಭಾರ ಯಾರ ಮೇಲೆ?’ ಎಂದು ಕೇಳಿಕೊಂಡರೆ ಅನೇಕ ಖರ್ಚುಗಳು ತಾವಾಗಿಯೇ ಉಳಿಯುತ್ತವೆ. ದೊಡ್ಡ ಕಾರಿರಲಿ, ಚಿಕ್ಕ ಮೋಟಾರುಸೈಕಲ್ಲಿರಲಿ, ಈ ಮಾತಿನಲ್ಲಿ ಭೇದವಿಲ್ಲ.

ನಿತ್ಯ ಓಡಾಡುವವರು ಒಂದು ಚಿಕ್ಕ ಪುಸ್ತಕವನ್ನಿಟ್ಟು, ಯಾವ ದಿನ ಎಷ್ಟು ಕಿಲೋಮೀಟರಿಗೆ ಏನನ್ನು ಬದಲಿಸಿತು, ಚೈನಿನ ಅಳತೆ ಎಷ್ಟಿತ್ತು ಎಂದು ಬರೆದಿಡಲಿ. ಕ್ಲಚ್ಚಿನ ತಂತಿಯೊಂದು, ಚೈನಿನ ಕೂಡುಕೊಂಡಿಯೊಂದು, ಪ್ಲಗ್ಗೊಂದು ಸದಾ ಗಾಡಿಯಲ್ಲಿರಲಿ. ಮೇಲುಕೋಟೆಯಿಂದ ಇಳಿಯುವಾಗ ಬಹಳ ಹೊತ್ತು ಪೆಟ್ರೋಲನ್ನು ಪೂರಾ ಮುಚ್ಚಿಕೊಂಡು ಬರಕೂಡದು. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ, ಪೆಟ್ರೋಲು ನಿಂತರೆ ಎಣ್ಣೆಯೂ ನಿಂತೀತು. ಆಗಾಗ ಕೊಂಚ ತೆರೆಯುತ್ತಿದ್ದರೆ ಸಾಕು.

1610ರಲ್ಲಿ ರಾಜ ಒಡೆಯರು ನವರಾತ್ರಿಯ ಮಹೋತ್ಸವವನ್ನು ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿ. ಅಂದಿನಂತೆ ಇಂದಿಗೂ ಆಯುಧಪೂಜೆಯ ದಿನ ನಮ್ಮ ಜನ ತಮ್ಮ ದುಡಿಮೆಯ ಉಪಕರಣಗಳನ್ನು ತೊಳೆದು, ಅರಿಸಿನ ಕುಂಕುಮವನ್ನಿಟ್ಟು ಪೂಜಿಸುತ್ತಾರೆ. ಹಳೆಯ ಮೋಟಾರುಸೈಕಲ್ಲಿಗೂ ಅಂದು ಸೇವಂತಿಗೆಯ ಹಾರ ಬೀಳುತ್ತದೆ. ಹಾರ ಹಾಕುವ ಮೊದಲು ಚೈನಿನ ಪೆಟ್ಟಿಗೆಯನ್ನು ತೆರೆದು, ಕೊಂಡಿಯ ಕವೆ ಯಾವ ದಿಕ್ಕಿಗಿದೆ ಎಂದು ಒಮ್ಮೆ ನೋಡುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ನಾವು ಇಟ್ಟುಕೊಂಡಿದ್ದೇವೆ. ನಿಂಬೆಹಣ್ಣಿನ ಮೇಲೆ ಗಾಲಿಯನ್ನು ಹಾಯಿಸುವ ಕೆಲಸವನ್ನು ಮಗಳು ತನ್ನದಾಗಿ ಮಾಡಿಕೊಂಡಿದ್ದಾಳೆ; ಕವೆಯನ್ನು ನೋಡುವ ಕೆಲಸವನ್ನೂ ಅವಳು ನಮಗೆ ಬಿಟ್ಟಿಲ್ಲ.